ಬಣ್ಣ ತೊಳೆದ ಮೇಲೆ ಉಳಿದದ್ದು

ಮನೆಯಲ್ಲೇ ಟೇಬಲ್ಲು, ಬುಕ್‌ಶೆಲ್ಫು ಮಾಡಿಕೊಳ್ಳೋ ಹುಚ್ಚು ನನ್ನ ಸುತ್ತಮುತ್ತ ಇತ್ತೀಚೆಗೆ ಜೋರಾಗಿದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ, ರಬ್ಬರ್‌ವುಡ್, ಯಾರದೋ ಹಳೆ ಮನೆ ಕೆಡವಿದಾಗ ಸಿಕ್ಕ ತೇಗದ ಚೌಕಟ್ಟು, ಕೈಗೆ ಸಿಕ್ಕಿದ್ದರಲ್ಲಿ ಏನೋ ಒಂದು ಮಾಡ್ತಾರೆ. ನಾನೂ ಅದೇ ಗುಂಪು. ಮರ ಕೊಯ್ಯೋದು, ಕೂಡಿಸೋದರ ಬಗ್ಗೆ ಗೆಳೆಯರು ನನ್ನನ್ನು ಹೆಚ್ಚು ಕೇಳಲ್ಲ. ಎಲ್ಲ ಮುಗಿದು, ಉಪ್ಪುಕಾಗದ ಉಜ್ಜಿ, ಹಲಗೆ ಕೆನ್ನೆಯಷ್ಟು ನುಣ್ಣಗಾದ ಮೇಲೆ ಮೆಸೇಜ್ ಬರುತ್ತೆ: "ಈಗ ಏನು ಬಳೀಲಿ? ಬಣ್ಣ ಬೇಡ. ಮರ ಮರದ ಹಾಗೇ ಕಾಣ್ಬೇಕು. ಆದ್ರೆ ನೀರು, ಕಾಫಿ, ಸಾರು, ಏನು ಬಿದ್ರೂ ಒರೆಸಿದ್ರೆ ಹೋಗ್ಬೇಕು."

ಅಂದರೆ ಬಳಿದಿರಬೇಕು, ಬಳಿದ ಹಾಗೆ ಕಾಣಬಾರದು. ಈ ಆಸೆ ಎಷ್ಟು ಸಹಜ ಅನ್ನಿಸುತ್ತೆ ಅಂದ್ರೆ, ಇದಕ್ಕೂ ಒಂದು ಚರಿತ್ರೆ ಇದೆ ಅಂತ ಹೊಳೆಯೋದೇ ಇಲ್ಲ. ಬಹುಪಾಲು ಜನ ಬಹುಪಾಲು ಕಾಲ ಮರದ ಸಾಮಾನಿಗೆ ಏನೂ ಬಳೀತಿರಲಿಲ್ಲ, ಇಲ್ಲವೇ ಎಣ್ಣೆ ಉಜ್ಜಿ ಬಿಡ್ತಿದ್ದರು. ದುಡ್ಡಿದ್ದವರು ಮರವೇ ಕಾಣದ ಹಾಗೆ ಬಣ್ಣ ಮೆತ್ತಿಸ್ತಿದ್ದರು. ಮರದ ಎಳೆಯನ್ನು ಗಾಜಿನೊಳಗಿಟ್ಟ ಹಾಗೆ ತೋರಿಸೋ ಹೊಳೆಯುವ ಪದರ ಯುರೋಪಿನ ಮಧ್ಯಮ ವರ್ಗದ ನಡುಮನೆಗೆ ಬಂದಿದ್ದು ಸುಮಾರು 200 ವರ್ಷದ ಹಿಂದೆ. ಅದು ಬಂದಿದ್ದು ನಮ್ಮ ಕಾಡಿನ ಒಂದು ಹುಳುವಿನ ಮೈಯಿಂದ.

ಅರಗು ಅಂದ ಕೂಡಲೇ ನಮಗೆ ನೆನಪಾಗೋದು ಅರಗಿನ ಮನೆ, ವಾರಣಾವತದಲ್ಲಿ ಪಾಂಡವರನ್ನು ಸುಡೋಕೆ ಪುರೋಚನ ಕಟ್ಟಿಸಿದ್ದು. ಆಮೇಲೆ ಅಂಚೆ ಪಾರ್ಸಲ್ಲಿನ ಮೇಲಿನ ಕೆಂಪು ಮುದ್ರೆ. ಮನೆಯಲ್ಲಿ ಹಿರಿಯರಿದ್ದರೆ ಮೂರನೆಯದೂ ಗೊತ್ತಿರುತ್ತೆ: ಟೊಳ್ಳು ಒಡವೆಯೊಳಗೆ ಅಕ್ಕಸಾಲಿ ತುಂಬುವ ಅರಗು, ಮತ್ತು ಹಳೆ ಚಿನ್ನ ಮಾರೋಕೆ ಹೋದಾಗ ಅದರ ತೂಕ ಎಷ್ಟು ಕಳೀಬೇಕು ಅನ್ನೋ ಜಗಳ. ಮೂರರಲ್ಲೂ ಅರಗಿನ ಕೆಲಸ ಮುಚ್ಚುವುದು, ಅಡಗಿಸುವುದು. ಒಳಗಿರೋದನ್ನು ತೋರಿಸುವ ವಸ್ತು ಅಂತ ಅದನ್ನು ನಾವು ನೆನಪಿಟ್ಟುಕೊಂಡಿಲ್ಲ.

ಹುಳುವಿನ ಶಾಸ್ತ್ರೀಯ ಹೆಸರು ಕೆರ್ರಿಯಾ ಲಕ್ಕಾ. 1781ರಲ್ಲಿ ಇದರ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಜೇಮ್ಸ್ ಕೆರ್ ಎಂಬ ಸ್ಕಾಟಿಷ್ ವೈದ್ಯನ ನೆನಪಿಗೆ ಆ ಹೆಸರು. ಮುತ್ತುಗ, ಬೋರೆ, ಸಾಗಡೆ ಮರಗಳ ಎಳೆ ಕೊಂಬೆಗಳಿಗೆ ಎಳ್ಳಿಗಿಂತ ಚಿಕ್ಕ ಮರಿಗಳು ಸಾವಿರಗಟ್ಟಲೆ ಹರಿದು ಬರುತ್ತವೆ. ಸೂಜಿಯಂಥ ಬಾಯನ್ನು ತೊಗಟೆಗೆ ಚುಚ್ಚಿ ಕೂರುತ್ತವೆ. ರಸ ಹೀರುತ್ತಾ ಮೈಯಿಂದ ಅಂಟು ಸ್ರವಿಸುತ್ತವೆ, ಆ ಅಂಟೇ ಗಟ್ಟಿಯಾಗಿ ಅವುಗಳ ಮನೆ ಆಗುತ್ತೆ. ಹೆಣ್ಣು ಹುಳು ಆಮೇಲೆ ಅಲ್ಲಿಂದ ಕದಲೋದೇ ಇಲ್ಲ. ಅಲ್ಲೇ ಸಂತಾನ ಬಿಟ್ಟು ಅಲ್ಲೇ ಸಾಯುತ್ತೆ. ವರ್ಷಕ್ಕೆ ಎರಡು ಬೆಳೆ. ಹುಳು ಕೂತ ಕೊಂಬೆ ಕತ್ತರಿಸಿ ಹೊಸ ಮರಕ್ಕೆ ಕಟ್ಟಿದರೆ ಮುಂದಿನ ಬೆಳೆಗೆ ಬಿತ್ತನೆ ಆದ ಹಾಗೆ. ಛೋಟಾನಾಗಪುರದ ಮುಂಡಾ, ಉರಾಂವ್, ಸಂತಾಲರಿಗೆ ಇದು ಭತ್ತದ ನಡುವಿನ ಕೈಕಾಸಿನ ಬೆಳೆ. ಇವತ್ತಿಗೂ ದೇಶದಲ್ಲಿ ಅತಿ ಹೆಚ್ಚು ಅರಗು ಬರೋದು ಜಾರ್ಖಂಡಿನಿಂದ. ನಮ್ಮ ಹಳೆ ಮೈಸೂರಿನ ಒಣಕಾಡಲ್ಲಿ ಹುಳು ಕೂರುತ್ತಿದ್ದದ್ದು ಜಾಲರಿ ಮರದ ಮೇಲೆ. 1923ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಜರ್ನಲಿನಲ್ಲಿ ಅರಗಿನ ಹುಳುಗಳನ್ನು ವಿಂಗಡಿಸಿ ಬರೆದ ಎಸ್. ಮಹ್ದಿಹಸನ್ ಈ ಜಾಲರಿ ಹುಳುವಿಗೆ ಮೈಸೂರಿನ ಹೆಸರನ್ನೇ ಇಟ್ಟರು.

ಕೊಂಬೆಯಿಂದ ಕೆರೆದು ತೆಗೆದ ಅರಗಿನಲ್ಲಿ ಎರಡು ಪದಾರ್ಥ ಇರುತ್ತೆ. ಒಂದು ಹುಳುವಿನ ಮೈಯೊಳಗಿನ ಕೆಂಪು ಬಣ್ಣ, ಇನ್ನೊಂದು ಮೈಮೇಲಿನ ಅಂಟು. ಪುಡಿ ಮಾಡಿ ನೀರಲ್ಲಿ ತೊಳೆದರೆ ಬಣ್ಣ ನೀರಿಗೆ ಇಳಿಯುತ್ತೆ, ಅಂಟು ಕಾಳುಕಾಳಾಗಿ ಉಳಿಯುತ್ತೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ವ್ಯಾಪಾರಿಯ ಕಣ್ಣಿದ್ದದ್ದು ಆ ಕೆಂಪು ನೀರಿನ ಮೇಲೆ. ಮೆಕ್ಸಿಕೋದ ಕಾಚಿನೀಲ್ ಅನ್ನೋ ಇನ್ನೊಂದು ಹುಳುವಿನ ದುಬಾರಿ ಕೆಂಪಿಗೆ ಬದಲಾಗಿ ಉಣ್ಣೆಗೆ ಹಾಕೋಕೆ ಇದು ಚೆನ್ನಾಗಿತ್ತು. ಅಂಟು ಉಪ ಉತ್ಪನ್ನ, ಜೊತೆಗೆ ಹೋಗುವ ಸರಕು. 1856ರಲ್ಲಿ ವಿಲಿಯಂ ಪರ್ಕಿನ್ ಟಾರಿನಿಂದ ನೇರಳೆ ಬಣ್ಣ ಮಾಡಿದ. ಅವನ ಹಿಂದೆಯೇ ಕಾರ್ಖಾನೆಯ ಕೆಂಪುಗಳೂ ಬಂದವು. ಮುಂದಿನ ಕೆಲವೇ ದಶಕದಲ್ಲಿ ಅರಗಿನ ಬಣ್ಣಕ್ಕೆ ಕೇಳುವವರಿಲ್ಲದೆ ಹೋಯ್ತು. ತೊಳೆದ ಕೆಂಪು ನೀರನ್ನು ಚೆಲ್ಲೋಕೆ ಶುರು ಮಾಡಿದರು. ಉಳಿದ ಅಂಟಿಗೇ ಬೆಲೆ ಬಂತು. ನಾವು ಅಂಗಡಿಯಲ್ಲಿ ಕೇಳುವ 'ಕ್ಲಿಯರ್' ಹುಟ್ಟಿದ್ದೇ ಹೀಗೆ. ಅದು ಬಣ್ಣವನ್ನು ತೊಳೆದು ಚೆಲ್ಲಿದ ಮೇಲೆ ಪಾತ್ರೆಯಲ್ಲಿ ಉಳಿದದ್ದು.

ಹಾಗಂತ ಅಂಟನ್ನು ಮರಕ್ಕೆ ಹಚ್ಚುವ ವಿದ್ಯೆ ಯುರೋಪಿನದ್ದಲ್ಲ. 1583ರಿಂದ ಸುಮಾರು ಐದು ವರ್ಷ ಗೋವಾದಲ್ಲಿದ್ದ ಡಚ್ ಗುಮಾಸ್ತ ಲಿನ್‌ಸ್ಕೋಟನ್ 1596ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಇಲ್ಲಿನ ಕುಶಲಕರ್ಮಿಗಳು ಹೇಗೆ ಮರ ಕಡೆಯುತ್ತಾರೆ ಅಂತ ವಿವರಿಸಿದ್ದಾನೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ತುಂಡು ಒತ್ತಿ ಹಿಡೀತಾರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಬಿರುಕಿಗೆಲ್ಲ ಇಳಿಯುತ್ತೆ, ಆಮೇಲೆ ಒಣ ಗರಿಯಂಥದ್ದರಲ್ಲಿ ಒತ್ತಿ ಉಜ್ಜಿದರೆ ಗಾಜಿನ ಹಾಗೆ ಹೊಳೆಯುತ್ತೆ. ಚನ್ನಪಟ್ಟಣದ ಗೊಂಬೆ ಮಾಡೋದನ್ನು ನೋಡಿದವರಿಗೆ ಇದನ್ನು ಓದಿದರೆ ನಗು ಬರುತ್ತೆ, ಯಾಕಂದ್ರೆ ಅಲ್ಲಿ ಇವತ್ತೂ ನಡೆಯೋದು ಇದೇ. ಹಾಲೆ ಮರ, ಅರಗಿನ ಕಡ್ಡಿ, ಕೊನೆಗೆ ಕೇದಗೆ ಜಾತಿಯ ಗರಿ. ಚನ್ನಪಟ್ಟಣಕ್ಕೆ ಈ ಕಲೆಯನ್ನು ಟಿಪ್ಪು ಪರ್ಷಿಯಾದಿಂದ ತರಿಸಿದ ಅನ್ನೋ ಮಾತನ್ನು ಪ್ರತಿ ಟೂರಿಸ್ಟ್ ಬೋರ್ಡೂ ಹೇಳುತ್ತೆ. ಆ ಊರಿಗೆ ಟಿಪ್ಪು ಕರೆಸಿರಬಹುದು. ವಿದ್ಯೆ ಮಾತ್ರ ಅವನಿಗೆ 200 ವರ್ಷ ಮೊದಲೇ ಪಶ್ಚಿಮ ಕರಾವಳಿಯಲ್ಲಿತ್ತು.

ಆದರೆ ಅದು ಕಡೆದ ಸಾಮಾನಿನ ವಿದ್ಯೆ. ತಿರುಗದೆ ಇರುವ ಟೇಬಲ್ ಹಲಗೆಗೆ ತಿಕ್ಕಾಟದ ಬಿಸಿ ಎಲ್ಲಿಂದ ತರೋದು? ಅರಗನ್ನು ಬಿಸಿಯ ಬದಲು ಮದ್ಯಸಾರದಲ್ಲಿ ಕರಗಿಸೋದು ಅದಕ್ಕೆ ಉತ್ತರ. 17ನೇ ಶತಮಾನದ ಯುರೋಪಿಗೆ ಜಪಾನಿನ ಕಪ್ಪು ಹೊಳಪಿನ ಪೆಟ್ಟಿಗೆಗಳ ಮರುಳು ಹಿಡಿದಿತ್ತು. ಜಪಾನಿನವರು ಬಳಸುತ್ತಿದ್ದದ್ದು ಉರುಷಿ ಅನ್ನೋ ಮರದ ಹಾಲು. ಅದು ನಮ್ಮ ಗೇರು, ಮಾವಿನ ಕುಟುಂಬದ ಮರ. ಗೇರುಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುವ ಹಾಗೇ ಅದರ ಹಸಿ ಹಾಲೂ ಸುಡುತ್ತೆ. ಕರಾವಳಿಯಲ್ಲಿ ಗೆದ್ದಲು ಹಿಡಿಯದಿರಲಿ ಅಂತ ಜಂತಿಗೆ ಗೇರೆಣ್ಣೆ ಹಚ್ಚೋದು ಅದೇ ರಸಾಯನದ ಬಡ ದಾಯಾದಿ ಅನ್ನಬಹುದು. ಉರುಷಿ ಯುರೋಪಿನಲ್ಲಿ ಸಿಗ್ತಿರಲಿಲ್ಲ. ಹಾಗಾಗಿ ನಕಲು ಮಾಡೋಕೆ ಅವರು ಭಾರತದ ಅರಗನ್ನು ಹಿಡಿದರು. 1688ರಲ್ಲಿ ಇಂಗ್ಲೆಂಡಿನ ಸ್ಟಾಕರ್ ಮತ್ತು ಪಾರ್ಕರ್ ಈ ನಕಲಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ಕಾಳರಗು, ಹಾಳೆಯರಗು ಎರಡನ್ನೂ ಸ್ಪಿರಿಟ್ಟಿನಲ್ಲಿ ಕರಗಿಸೋ ವಿಧಾನ ಅದರಲ್ಲಿದೆ. ಜಪಾನಿನ ಸಾಮಾನಿಗೆ ಇಂಗ್ಲಿಷಿನಲ್ಲಿ ಲ್ಯಾಕರ್ ಅಂತ ಹೆಸರು ಬಂದದ್ದು ನಮ್ಮ ಲಾಖ್, ಲಾಕ್ಷಾದಿಂದ. ಅಸಲಿಗೆ ನಕಲಿಯ ಹೆಸರು!

ಮುಂದಿನ ಹೆಜ್ಜೆ ಫ್ರೆಂಚ್ ಪಾಲಿಶ್. 19ನೇ ಶತಮಾನದ ಮೊದಲ ದಶಕಗಳಲ್ಲಿ ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೋಗಿ ಬೆಂಕಿ ಹತ್ತಿದ ಹಾಗೆ ಹಬ್ಬಿತು. ಇದನ್ನು ಬ್ರಷ್ಷಿನಲ್ಲಿ ಬಳಿಯೋದಿಲ್ಲ. ಉಣ್ಣೆ ಅಥವಾ ಹತ್ತಿಯ ಉಂಡೆಯನ್ನು ಹಳೆ ಲಿನನ್ ಬಟ್ಟೆಯಲ್ಲಿ ಸುತ್ತಿ, ಅರಗಿನ ದ್ರಾವಣ ಕುಡಿಸಿ, ಮರದ ಮೇಲೆ ಎಂಟರ ಅಂಕಿಯಂತೆ ಉಜ್ಜುತ್ತಾ ಹೋಗೋದು. ಅಂಟಿಕೊಳ್ಳದಿರಲಿ ಅಂತ ಒಂದೆರಡು ಹನಿ ಅಗಸೆ ಎಣ್ಣೆ. ಒಂದೊಂದು ಉಜ್ಜಿಗೂ ಬೀಳುವ ಪದರ ಕೂದಲಿಗಿಂತ ತೆಳು, ಹಾಗೆ ಹತ್ತಾರು ಪದರ. ಕೊನೆಗೆ ಬರೀ ಸ್ಪಿರಿಟ್ಟಿನಲ್ಲಿ ಎಣ್ಣೆಯನ್ನು ಎಬ್ಬಿಸಿ ತೆಗೀತಾರೆ. ಕೈ ನಿಂತರೆ ಅಲ್ಲೇ ಕಚ್ಚಿಕೊಳ್ಳುತ್ತೆ, ಹಾಗಾಗಿ ವಿಮಾನ ಇಳಿದು ಏರುವ ಹಾಗೆ ಕೈ ಸರಿಯುತ್ತಲೇ ಮುಟ್ಟಿ, ಸರಿಯುತ್ತಲೇ ಬಿಡಬೇಕು. ನಾನು ಪುಟ್ಟ ಪೆಟ್ಟಿಗೆಯೊಂದಕ್ಕೆ ಇದನ್ನು ಮಾಡಿದಾಗ ಮೂರು ಶನಿವಾರ ಹಿಡಿಯಿತು. ಒಂದು ಡೈನಿಂಗ್ ಟೇಬಲ್ಲಿಗೆ ಆ ಕಾಲದ ಪಾಲಿಶ್‌ದಾರನ ತೋಳು ಎಷ್ಟು ಮೈಲಿ ನಡೆದಿರಬೇಕು ಅಂತ ಆವತ್ತು ಅನ್ನಿಸಿತ್ತು.

ಇಷ್ಟೊಂದು ಕಷ್ಟಪಟ್ಟು ಪಾರದರ್ಶಕ ಯಾಕೆ ಬೇಕಿತ್ತು? ಮರ ದುಬಾರಿ ಆಗಿತ್ತು, ಅದಕ್ಕೆ. ಕೆರಿಬಿಯನ್ ಮತ್ತು ಹೊಂಡುರಾಸ್ ಕಡೆಯ ಕಾಡುಗಳಿಂದ ಗುಲಾಮರು ಕಡಿದ ಮಹಾಗನಿ ಹಡಗಿನಲ್ಲಿ ಬರ್ತಿತ್ತು. ಅಷ್ಟು ದುಡ್ಡು ಕೊಟ್ಟು ತಂದ ಮರದ ಮೇಲೆ ಬಣ್ಣ ಬಳಿದರೆ ಮಹಾಗನಿ ಅಂತ ನೆಂಟರಿಗೆ ಗೊತ್ತಾಗೋದು ಹೇಗೆ? ಮರ ಮರದ ಹಾಗೇ ಕಾಣಬೇಕು ಅನ್ನೋ ಆಸೆ ಪ್ರಕೃತಿ ಪ್ರೇಮದಿಂದ ಬಂತು ಅಂತ ನಾವೀಗ ಅಂದುಕೊಳ್ತೀವಿ. ಅದರ ಬೇರಿನಲ್ಲಿರೋದು ಅಂತಸ್ತು ತೋರಿಸೋ ಆಸೆ. ಸಂಜೆ ದೀಪದಲ್ಲಿ ಮಿಂಚುವ ಆ ಒಂದು ಟೇಬಲ್ಲಿನಲ್ಲಿ ಒಂದು ಖಂಡದ ಗುಲಾಮರ ಬೆವರು, ಇನ್ನೊಂದು ಖಂಡದ ಆದಿವಾಸಿಗಳ ಬೆವರು ಎರಡೂ ಇತ್ತು. ಎರಡೂ ಕಾಣಿಸ್ತಿರಲಿಲ್ಲ, ಅಷ್ಟೇ.

ನಮ್ಮ ಕಡೆಯ ಬೆವರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ತೊಳೆದ ಕಾಳರಗನ್ನು ಹಾಳೆ ಮಾಡೋ ಕೆಲಸಕ್ಕೆ ಹೆಸರಾದದ್ದು ಮಿರ್ಜಾಪುರ. ಉದ್ದನೆಯ ಬಟ್ಟೆ ಕೊಳವೆಯೊಳಗೆ ಅರಗಿನ ಕಾಳು ತುಂಬಿ, ಇದ್ದಿಲ ಒಲೆಯ ಬಾಯಿಗೆ ಒಂದು ತುದಿ ಹಿಡಿದು ಕಾರಿಗರ್ ಕೂರ್ತಾನೆ. ಇನ್ನೊಂದು ತುದಿಯಲ್ಲಿ ಕೂತವರು, ಎಷ್ಟೋ ಕಡೆ ಹೆಂಗಸರು, ಒದ್ದೆ ಬಟ್ಟೆ ಹಿಂಡಿದ ಹಾಗೆ ಕೊಳವೆಯನ್ನು ತಿರುಚುತ್ತಾರೆ. ಕರಗಿದ ಅರಗು ಬಟ್ಟೆಯಿಂದ ಒಸರಿ ಬರುತ್ತೆ, ಕಸ ಒಳಗೇ ಉಳಿಯುತ್ತೆ. ಒಸರಿದ್ದನ್ನು ಬಿಸಿನೀರು ತುಂಬಿದ ಪಿಂಗಾಣಿ ಉರುಳೆಯ ಮೇಲೆ ಗರಿಯಿಂದ ಹರಡಿ, ಇನ್ನೂ ಮೆತ್ತಗಿರುವಾಗಲೇ ಇನ್ನೊಬ್ಬ ಅದನ್ನು ಎತ್ತಿಕೊಂಡು ಒಲೆಯ ಮುಂದೆ ನಿಂತು ಹಿಗ್ಗಿಸ್ತಾನೆ. ಎರಡು ಕೈಯಲ್ಲಿ ಎರಡು ಮೂಲೆ, ಕಾಲ್ಬೆರಳಲ್ಲಿ ಕೆಳಗಿನ ಮೂಲೆಗಳು, ಹಲ್ಲಿನಲ್ಲಿ ಮೇಲಿನ ಅಂಚು. ಹೆಚ್ಚುಕಡಿಮೆ ಆಳೆತ್ತರದ ಕಿತ್ತಳೆ ಬಣ್ಣದ ಹಾಳೆ. ಆರಿದ ಮೇಲೆ ಅದನ್ನು ಚೂರು ಮಾಡಿದರೆ ಚಪಡಾ. ನಮ್ಮ ಮರಗೆಲಸದವರು ಈಗಲೂ ಅದನ್ನು ಕರೆಯೋದು ಇದೇ ಹೆಸರಿಂದ. ಆ ಕೆಲಸಕ್ಕೆ ಯಂತ್ರಗಳು ಬಂದಿವೆ, ಆದರೆ ಹಾಳೆ ಎಳೆಯುವವನ ಫೋಟೋ ಒಂದು ಸಲ ನೋಡಿದವರು ಶೆಲಾಕ್ ಅನ್ನೋದು 'ನೈಸರ್ಗಿಕ, ಹಿತಕರ' ಅಂತ ಡಬ್ಬಿ ಮೇಲೆ ಬರೆದಿದ್ದನ್ನು ಸುಮ್ಮನೆ ನಂಬಲ್ಲ. ತಿನ್ನುವವರಿಗೆ ಹಿತಕರ ಅನ್ನೋದು ನಿಜ. ಜೆಮ್ಸ್ ಥರದ ಮಿಠಾಯಿಗಳ ಹೊಳಪಿಗೂ, ಮಾತ್ರೆಯ ಮೇಲಿನ ಪದರಕ್ಕೂ ಇದನ್ನು ಬಳಸ್ತಾರೆ, ಪೊಟ್ಟಣದ ಹಿಂದೆ 904 ಅನ್ನೋ ನಂಬರ್ ಇದ್ದರೆ ಅದು ಇದೇ. ಮಾಡುವವರಿಗೆ ಹಿತಕರವಾಗಿತ್ತಾ ಅನ್ನೋದು ಬೇರೆ ಪ್ರಶ್ನೆ.

20ನೇ ಶತಮಾನದ ಆರಂಭಕ್ಕೆ ಅರಗು ಫರ್ನಿಚರ್ ದಾಟಿ ಎಲ್ಲ ಕಡೆ ಹರಡಿತ್ತು. ವಿದ್ಯುತ್ ತಂತಿಯ ಕವಚಕ್ಕೆ ಬೇಕು, ಟೋಪಿ ಗಟ್ಟಿ ಮಾಡೋಕೆ ಬೇಕು, ಗ್ರಾಮಫೋನ್ ತಟ್ಟೆಗೆ ಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ತಟ್ಟೆಗಳು ಅಚ್ಚಾಗಿದ್ದು ಜರ್ಮನಿಯ ಹ್ಯಾನೋವರಿನಲ್ಲಿ. ನಮ್ಮ ಹುಳುವಿನ ಅಂಟು ಸಮುದ್ರ ದಾಟಿ ಹೋಗಿ ನಮ್ಮದೇ ಠುಮ್ರಿಯಾಗಿ ವಾಪಸು ಬಂತು. ಆ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿ. ತೀರಿಕೊಂಡದ್ದೂ ಅಲ್ಲೇ, 1930ರಲ್ಲಿ.

ಎಲ್ಲರಿಗೂ ಬೇಕಾಗಿದ್ದರಿಂದ ಬೆಲೆ ಏರಿತು, ಸುಮ್ಮನೆ ಏರದೆ ಕುಣಿಯಿತು. ಮಳೆ ತಪ್ಪಿದರೆ ಒಂದು ಬೆಲೆ, ಕಲ್ಕತ್ತೆಯ ಸಟ್ಟಾ ಮಾರುಕಟ್ಟೆ ಕೆಮ್ಮಿದರೆ ಇನ್ನೊಂದು. ಕಾಡಲ್ಲಿ ಕೊಂಬೆ ಕತ್ತರಿಸಿದವನಿಗೆ ಏರಿದ್ದರಲ್ಲಿ ಸಿಕ್ಕಿದ್ದು ಕಮ್ಮಿ, ಇಳಿದಾಗಿನ ಪೆಟ್ಟು ಮಾತ್ರ ಪೂರ್ತಿ. ಹುಳುವನ್ನು ಬಿಟ್ಟು ಕಾರ್ಖಾನೆಯಲ್ಲೇ ಇಂಥದ್ದನ್ನು ಮಾಡೋಕಾಗುತ್ತಾ ಅಂತ ಅಮೆರಿಕದಲ್ಲಿ ಹುಡುಕಾಟ ಶುರುವಾಯ್ತು. ಲಿಯೋ ಬೇಕೆಲಾಂಡ್ ಹುಡುಕ್ತಿದ್ದದ್ದೇ ಅರಗಿನ ಬದಲಿ. 1907ರಲ್ಲಿ ಸಿಕ್ಕಿದ್ದು ಬೇಕಲೈಟ್, ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್. ಇವತ್ತು ನಮ್ಮ ಮೇಜಿನ ಮೇಲಿರೋ ಪ್ರತಿ ಪ್ಲಾಸ್ಟಿಕ್ ಸಾಮಾನಿನ ವಂಶಾವಳಿ ಹುಡುಕ್ತಾ ಹೋದ್ರೆ ಮೇಲೆಲ್ಲೋ ಮುತ್ತುಗದ ಮರದ ಮೇಲೆ ಕೂತ ಹುಳು ಸಿಗುತ್ತೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಸಿಡಿಮದ್ದಿನ ನೈಟ್ರೋಸೆಲ್ಯುಲೋಸ್ ರಾಶಿ ಬಿದ್ದಿತ್ತು, ಅದನ್ನು ಕರಗಿಸಿ ಪಿಚಕಾರಿಯಲ್ಲಿ ಸಿಂಪಡಿಸುವ ಲ್ಯಾಕರ್ ಮಾಡಿದರು. 1923ರಲ್ಲಿ ಡ್ಯೂಪಾಂಟ್ ಕಂಪನಿಯ ಡ್ಯೂಕೋ ಕಾರುಗಳ ಮೇಲೆ ಬಂತು. ವಾರಗಟ್ಟಲೆಯ ಕೆಲಸ ಗಂಟೆಗಳಿಗೆ ಇಳಿಯಿತು. ಫರ್ನಿಚರ್ ಕಾರ್ಖಾನೆಗಳು ತಕ್ಷಣ ಹಿಂಬಾಲಿಸಿದವು. ಎಂಟರ ಅಂಕಿ ಬರೆಯುವ ತೋಳುಗಳಿಗೆ ಅಲ್ಲಿ ಕೆಲಸ ಉಳಿಯಲಿಲ್ಲ.

ನನಗೆ ಈ ಇಡೀ ಕತೆಯಲ್ಲಿ ಅತಿ ಇಷ್ಟವಾದ ಇಸವಿ 1937. ಆ ವರ್ಷ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಒಂದು ಕಾರ್ಖಾನೆ ಶುರು ಮಾಡಿಸಿದರು, ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಹೆಸರಿನ ಮೊದಲಲ್ಲೇ ಅರಗು. ರಾಜ್ಯದ ಕಾಡಿನ ಉತ್ಪನ್ನ ಕಚ್ಚಾ ಮಾಲಾಗಿ ಹೊರಗೆ ಹೋಗೋ ಬದಲು ಇಲ್ಲೇ ಸಾಮಾನಾಗಲಿ ಅನ್ನೋ, ಆ ಕಾಲದ ಮೈಸೂರಿನ ಮಾಮೂಲಿ ಜಾಣತನ. ಅದೇ 1937ರಲ್ಲಿ ಜರ್ಮನಿಯ ಲೆವರ್ಕೂಸನ್ನಿನಲ್ಲಿ ಓಟ್ಟೋ ಬೇಯರ್ ಅನ್ನೋ ರಸಾಯನ ವಿಜ್ಞಾನಿ ಪಾಲಿಯುರೆಥೇನ್ ಮಾಡಿದ. ನಾವು ಈಗ 'ಪಿಯು ಪಾಲಿಶ್' ಅನ್ನೋದು ಅದರ ಮೊಮ್ಮಗ. ಒಬ್ಬರು ಅರಗಿನ ಕಾರ್ಖಾನೆಗೆ ಅಡಿಪಾಯ ಹಾಕ್ತಿದ್ದಾಗ ಇನ್ನೊಬ್ಬ ಅರಗಿಗೆ ಗೋರಿ ತೋಡ್ತಿದ್ದ, ಇಬ್ಬರಿಗೂ ಅದು ಗೊತ್ತಿರಲಿಲ್ಲ. ಮೈಸೂರಿನ ಕಾರ್ಖಾನೆ ಮುಳುಗಲಿಲ್ಲ ಅನ್ನೋದು ಬೇರೆ ಮಾತು. 1962ರ ಮಹಾಚುನಾವಣೆಯಿಂದ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಬರ್ತಿದೆ. 1989ರಲ್ಲಿ ಹೆಸರು ಬದಲಾಗಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಆಯ್ತು, ಹೆಸರಿನಿಂದ ಅರಗು ಹೋಯ್ತು.

ಇವೆರಡರ ನಡುವಿನ ವ್ಯತ್ಯಾಸ ಬರೀ ಹಳತು ಹೊಸತಿನದ್ದಲ್ಲ. ನಿಮ್ಮ ಟೇಬಲ್ಲಿಗೆ ಏನು ಬಳೀಬೇಕು ಅನ್ನೋದು ಇಲ್ಲೇ ತೀರ್ಮಾನ ಆಗೋದು.

ಅರಗು ಒಣಗುವಾಗ ಅದರೊಳಗೆ ರಾಸಾಯನಿಕವಾಗಿ ಹೆಚ್ಚೇನೂ ಆಗಲ್ಲ. ಸ್ಪಿರಿಟ್ ಹಾರಿಹೋಗುತ್ತೆ, ಅಂಟು ಉಳಿಯುತ್ತೆ. ಹೊಸ ಪದರ ಹಚ್ಚಿದರೆ ಅದರ ಸ್ಪಿರಿಟ್ ಹಳೆ ಪದರವನ್ನು ಸ್ವಲ್ಪ ಕರಗಿಸಿ ಎರಡೂ ಒಂದಾಗುತ್ತವೆ. ಹತ್ತು ಸಲ ಹಚ್ಚಿದರೂ ಕೊನೆಗೆ ಒಂದೇ ಪದರ. ಹತ್ತು ವರ್ಷ ಬಿಟ್ಟು ಹಚ್ಚಿದರೂ ಹೆಚ್ಚುಕಡಿಮೆ ಹಾಗೇ. ಗೀರು ಬಿತ್ತಾ, ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಉಜ್ಜಿ, ಸುತ್ತಲಿನ ಅರಗೇ ಕರಗಿ ಬಂದು ತುಂಬಿಕೊಳ್ಳುತ್ತೆ. ಪಾಲಿಯುರೆಥೇನ್ ಹಾಗಲ್ಲ. ಗಟ್ಟಿಯಾಗುವಾಗ ಅದರ ಅಣುಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಬಲೆ ಆಗುತ್ತವೆ. ಆಮೇಲೆ ಯಾವ ಸ್ಪಿರಿಟ್ಟೂ ಅದನ್ನು ಕರಗಿಸಲ್ಲ. ಬಿಸಿ ಪಾತ್ರೆ, ನೀರು, ಸೋಪು, ವಿಸ್ಕಿ ಎಲ್ಲವನ್ನೂ ಅದು ತಡೆಯೋದು ಅದಕ್ಕೇ. ಅದನ್ನು ಅಲ್ಲಲ್ಲಿ ರಿಪೇರಿ ಮಾಡೋಕಾಗದೆ ಇರೋದೂ ಅದಕ್ಕೇ. ಹೊಸ ಪದರ ಹಳೆಯದರ ಮೇಲೆ ಬೇರೆಯಾಗೇ ಕೂರುತ್ತೆ, ಕೂರಬೇಕಾದರೂ ಉಪ್ಪುಕಾಗದದಲ್ಲಿ ಗೀಚಿ ಹಿಡಿತ ಕೊಡಬೇಕು. ಹದಿನೈದು ವರ್ಷದ ಮೇಲೆ ಎಲ್ಲೋ ಒಂದು ಕಡೆ ಎದ್ದು ಸುಲಿಯೋಕೆ ಶುರುವಾದರೆ ಪೂರ್ತಿ ಕೆರೆದು ತೆಗೆಯೋದೇ ದಾರಿ. ಗಟ್ಟಿತನಕ್ಕೂ ರಿಪೇರಿಗೂ ಇರೋ ಕಾರಣ ಒಂದೇ. ಒಂದನ್ನು ಕೊಂಡರೆ ಇನ್ನೊಂದನ್ನು ಬಿಟ್ಟ ಹಾಗೆ. ಈ ಮಾತನ್ನು ಯಾವ ಡಬ್ಬಿಯ ಮೇಲೂ ಬರೆದಿರಲ್ಲ.

ನಮ್ಮ ಅಜ್ಜನ ಮನೆಯಲ್ಲಿ ಮದುವೆ ಅಂದರೆ ಸುಣ್ಣದವರ ಹಿಂದೆಯೇ ಪಾಲಿಶಿನವರು ಬರ್ತಿದ್ದರು. ಬೀರು, ಕನ್ನಡಿ ಮೇಜು, ಆರಾಮ ಕುರ್ಚಿ ಎಲ್ಲ ಅಂಗಳಕ್ಕೆ. ಚಪಡಾ, ಚಂದ್ರಸ್, ಸ್ಪಿರಿಟ್ ಹಾಕಿದ ಬಾಟಲಿಗಳು ಹಿಂದಿನ ರಾತ್ರಿಯೇ ಜಗಲಿ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಮನೆ ತುಂಬಾ ಆಸ್ಪತ್ರೆ ವಾಸನೆ. ಎರಡು ದಿನದ ಕೆಲಸ. ಮೂವತ್ತು ವರ್ಷದ ಬೀರು ಹೊಸದಾಗಿ ಒಳಗೆ ಹೋಗ್ತಿತ್ತು, ಯಾರೂ ಅದನ್ನು 'ರಿಸ್ಟೋರೇಶನ್' ಅಂತ ಕರೀತಿರಲಿಲ್ಲ. ಸಾಮಾನು ಹಳೆಯದಾಗೋದನ್ನು ಆ ವ್ಯವಸ್ಥೆ ಮೊದಲೇ ಲೆಕ್ಕಕ್ಕೆ ಹಿಡಿದಿತ್ತು. ಆ ಪಾಲಿಶಿನವರ ಮಕ್ಕಳು ಆ ಕೆಲಸಕ್ಕೆ ಬರಲಿಲ್ಲ. ಬಂದವರು ಮೆಲಮೈನ್, ಪಿಯು ಸಿಂಪಡಿಸೋದನ್ನು ಕಲಿತರು. ನಮ್ಮ ಇಂಟೀರಿಯರ್ ಕೆಲಸ ನಡೆಯುವ ಫ್ಲಾಟುಗಳಲ್ಲಿ ಮೂಗಿಗೆ ಒಂದು ಕರ್ಚೀಫು ಕಟ್ಟಿಕೊಂಡು ಸ್ಪ್ರೇ ಗನ್ ಹಿಡಿದು ನಿಂತಿರ್ತಾರಲ್ಲ, ಅವರೇ. ಮೆಲಮೈನ್ ಒಣಗುವಾಗ ಕಣ್ಣಿಗೆ ಚುಚ್ಚೋದು ಫಾರ್ಮಾಲ್ಡಿಹೈಡ್. ಎರಡು ಡಬ್ಬಿ ಬೆರೆಸುವ ಪಿಯುವಿನ ಗಟ್ಟಿಕಾರಕದಲ್ಲಿರುವ ಐಸೋಸೈನೇಟ್ ಶ್ವಾಸಕೋಶಕ್ಕೆ ಆಸ್ತಮಾ ತರಬಲ್ಲದು, ಅದಕ್ಕೆ ಕರ್ಚೀಫು ಯಾವ ಅಡ್ಡಿಯೂ ಅಲ್ಲ. ಮಿರ್ಜಾಪುರದ ಒಲೆ ಮುಂದೆ ಹಲ್ಲಲ್ಲಿ ಹಾಳೆ ಕಚ್ಚಿ ನಿಂತವನ ಜಾಗಕ್ಕೆ ಈಗ ಇವನು. ಮನೆಯವರು ವಾಸನೆ ಹೋದ ಮೇಲೆ ಬಂದು ನೋಡಿ, "ವಾವ್, ಎಷ್ಟು ನ್ಯಾಚುರಲ್ ಆಗಿ ಕಾಣುತ್ತೆ" ಅಂತಾರೆ.

ಹಾಗಂತ ಎಲ್ಲರೂ ಅರಗಿಗೆ ವಾಪಸು ಹೋಗಿ ಅಂತ ನಾನು ಹೇಳಲ್ಲ. ಅರಗು ಸುಮಾರು 70 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಮೆತ್ತಗಾಗೋಕೆ ಶುರುವಾಗುತ್ತೆ. ಒಲೆಯಿಂದ ಇಳಿಸಿದ ಸಾರಿನ ಪಾತ್ರೆ ಅದಕ್ಕಿಂತ ಬಿಸಿ. ನಾವು ಊಟ ಮಾಡುವ ರೀತಿಗೆ ಅರಗು ಹಚ್ಚಿದ ಡೈನಿಂಗ್ ಟೇಬಲ್ಲು ಒಂದು ವಾರ ಬಾಳಲ್ಲ, ಬಿಳಿ ಉಂಗುರಗಳ ಒಲಿಂಪಿಕ್ಸ್ ಆಗುತ್ತೆ. ನನ್ನ ಮನೆಯ ಊಟದ ಟೇಬಲ್ಲಿಗೆ ಹಚ್ಚಿರೋದು ನೀರಿನಲ್ಲಿ ಬೆರೆಸೋ ಪಿಯು, ಮೂರು ಪದರ, ನಡುವೆ 320 ನಂಬರಿನ ಕಾಗದದಲ್ಲಿ ಮೆಲ್ಲಗೆ ಉಜ್ಜಿ. ಹಲಗೆಯ ಕೆಳಗಡೆಗೂ ಹಚ್ಚಿದ್ದೀನಿ, ಯಾಕಂದ್ರೆ ಮೇಲೆ ಮಾತ್ರ ಹಚ್ಚಿದರೆ ಮಳೆಗಾಲದ ತೇವವನ್ನು ಕೆಳಗಿನ ಮೈ ಹೆಚ್ಚು ಹೀರಿ ಹಲಗೆ ಬಾಗುತ್ತೆ. ಅದು ನೀರಿನಷ್ಟೇ ಬಣ್ಣವಿಲ್ಲದ ಪದರ, ಪೈನ್ ಅದರಡಿಯಲ್ಲಿ ಸ್ವಲ್ಪ ರೋಗಿಷ್ಟನ ಹಾಗೆ ಬಿಳಿಚಿಕೊಂಡೇ ಕಾಣುತ್ತೆ. ಅರಗು ಎಷ್ಟೇ ತೊಳೆದರೂ ಜೇನಿನ ಛಾಯೆ ಬಿಡಲ್ಲ. 200 ವರ್ಷ ಜನ 'ಮರದ ನಿಜವಾದ ಬಣ್ಣ' ಅಂತ ನೋಡ್ತಿದ್ದದ್ದು ಮರ ಮತ್ತು ಹುಳು ಇಬ್ಬರ ಬಣ್ಣವನ್ನೂ ಸೇರಿಸಿ. ನಮ್ಮ ಕಣ್ಣು ಅದಕ್ಕೇ ಒಗ್ಗಿದೆ.

ಬುಕ್‌ಶೆಲ್ಫು, ಚಿತ್ರದ ಚೌಕಟ್ಟು, ಪೆಟ್ಟಿಗೆ, ಹಾಸಿಗೆಯ ತಲೆಹಲಗೆ, ದೇವರ ಮಂಟಪದ ಹೊರಮೈ, ಇವಕ್ಕೆಲ್ಲ ನಾನು ಅರಗನ್ನೇ ಹಚ್ಚೋದು. ಮಂಟಪದಲ್ಲಿ ದೀಪದ ಬಿಸಿ ತಾಗೋ ಜಾಗ ಬಿಟ್ಟು, ಅರಗಿನ ಮನೆ ಕತೆ ನೆನಪಿರಲಿ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಮಾಡಬಹುದು, ಒಂದು ಗಂಟೆಯಲ್ಲಿ ಮುಟ್ಟುವಷ್ಟು ಒಣಗುತ್ತೆ, ಮಗು ಬೊಂಬೆ ಕಾರು ಗೀಚಿದರೆ ಭಾನುವಾರ ನಾನೇ ಅಳಿಸ್ತೀನಿ. ಅದಕ್ಕೆ ಯಾರನ್ನೂ ಕರೆಸಬೇಕಿಲ್ಲ.

ಮಾಡಬೇಕು ಅನ್ನೋರಿಗೆ ವಿಧಾನ ಇಷ್ಟೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಚಪಡಾ ಕೇಳಿ, ಮೇಣ ತೆಗೆದದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಅರ್ಧ ಲೀಟರ್ ಪಾಲಿಶ್ ಸ್ಪಿರಿಟ್ಟಿಗೆ 100 ಗ್ರಾಂ. ಥಿನ್ನರ್ ಕೊಟ್ಟರೆ ತಗೋಬೇಡಿ, ಅದರಲ್ಲಿ ಅರಗು ಸರಿಯಾಗಿ ಕರಗಲ್ಲ. ಗಾಜಿನ ಬಾಟಲಿಯಲ್ಲಿ ಹಾಕಿ, ಆಗಾಗ ಕುಲುಕಿ, ರಾತ್ರಿ ಬಿಟ್ಟು ಹಳೆ ಪಂಚೆ ಬಟ್ಟೆಯಲ್ಲಿ ಸೋಸಿ. ಹತ್ತಿರದಲ್ಲಿ ದೀಪ, ಸಿಗರೇಟು ಇರಬಾರದು, ಕಿಟಕಿ ತೆರೆದಿರಬೇಕು. ಮಳೆ ಹನಿಯೋ ದಿನ ಹಚ್ಚಬೇಡಿ, ತೇವ ಸಿಕ್ಕಿಹಾಕಿಕೊಂಡು ಬೆಳ್ಳಗಾಗುತ್ತೆ. ಅಗಸೆ ಎಣ್ಣೆ ಬಳಸಿದರೆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೀಬೇಡಿ. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು, ಬಿಡಿಸಿ ಹಗ್ಗದ ಮೇಲೆ ಹರವಿ. ಬಾಟಲಿಯ ಮೇಲೆ ಕಲಸಿದ ತಾರೀಕು ಬರೆದಿಡಿ. ಸ್ಪಿರಿಟ್ಟಿನಲ್ಲಿ ಕೂತ ಅರಗು ನಿಧಾನಕ್ಕೆ ಬದಲಾಗುತ್ತೆ, ಆರು ತಿಂಗಳಾದ ಮೇಲೆ ಅದರ ಮೇಲೆ ಭರವಸೆ ಇಡೋಕಾಗಲ್ಲ. ಅನುಮಾನ ಇದ್ದರೆ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು ಮಲಗಿ. ಬೆಳಿಗ್ಗೆ ಉಗುರು ಒತ್ತಿದರೆ ಅಂಟಂಟಾಗಿದ್ದರೆ ಅದನ್ನು ಮರಕ್ಕೆ ಹಚ್ಚಬೇಡಿ, ಹೊಸದಾಗಿ ಕಲಸಿ.